ಅಳಿವೆಯ ನೀರು ಪರೀಕ್ಷೆ: ಕಿಟ್‌ಗಿಂತ ಮೊದಲು ಪಂಚಾಂಗ ತೆಗೆಯಿರಿ

ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ, ತದಡಿ ಕಡೆಗೆ, ನೀರು ಪರೀಕ್ಷೆಗೆಂದು ಬರುವ ತಂಡಗಳದ್ದು ಹೆಚ್ಚುಕಡಿಮೆ ಒಂದೇ ಕ್ರಮ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ವ್ಯಾನ್ ಬರುತ್ತದೆ. ದಡದಿಂದ ಬಕೆಟ್ ಇಳಿಯುತ್ತದೆ. ಕಾಗದದ ಪಟ್ಟಿ ಅದ್ದುತ್ತಾರೆ, ಬಣ್ಣ ನೋಡುತ್ತಾರೆ, ಫೋಟೊ ಆಗುತ್ತದೆ. ಮುಂದಿನ ಭಾನುವಾರವೂ ಅದೇ ಜಾಗ, ಅದೇ ಹೊತ್ತು. ತಿಂಗಳು ಕಳೆದ ಮೇಲೆ ವರದಿ ಬರುತ್ತದೆ: ‘ಉಪ್ಪಿನಂಶದಲ್ಲಿ ಆತಂಕಕಾರಿ ಏರಿಳಿತ’. ಆತಂಕಪಡುವಂಥದ್ದು ಏನೂ ಇಲ್ಲ. ಅವರು ಅಳೆದದ್ದು ಚಂದ್ರನನ್ನು.

ಅಘನಾಶಿನಿ ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುತ್ತದೆ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯ 4,801 ಹೆಕ್ಟೇರ್ ಜಾಗ 2024ರಲ್ಲಿ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್ ಪಟ್ಟಿ ಸೇರಿತು. ಬಳಚು ಎಂಬ ಚಿಪ್ಪುಜೀವಿ, ಸೀಗಡಿ, ಏಡಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಗಜನಿ ಎನ್ನುವ ಉಪ್ಪುನೀರಿನ ಗದ್ದೆಗಳ ಕಗ್ಗ ಭತ್ತ, ಎಲ್ಲವೂ ಸಿಹಿನೀರು ಉಪ್ಪುನೀರು ಬೆರೆಯುವ ಲೆಕ್ಕದ ಮೇಲೆ ನಿಂತಿವೆ. ಆ ಲೆಕ್ಕ ದಿನಕ್ಕೆ ನಾಲ್ಕು ಸಲ ತಿರುಗುತ್ತದೆ. ಎರಡು ಉಬ್ಬರ, ಎರಡು ಇಳಿತ. ಇಲ್ಲಿ ‘ನೀರು ಹೇಗಿದೆ’ ಅಂತ ಕೇಳಿದರೆ ‘ಯಾವಾಗ’ ಅಂತ ಮರುಪ್ರಶ್ನೆ ಬರಬೇಕು. ಕೆಳಗಿನದ್ದೆಲ್ಲ ಅಘನಾಶಿನಿಯನ್ನು ಮನಸ್ಸಲ್ಲಿಟ್ಟುಕೊಂಡು ಬರೆದದ್ದು. ಕಾಳಿ, ಗಂಗಾವಳಿ ಅಳಿವೆಗಳಲ್ಲೂ ನಡೆಯುತ್ತದೆ, ಜಾಗದ ಹೆಸರು ಬದಲಿಸಿಕೊಳ್ಳಿ ಅಷ್ಟೆ.

ಹಂತ 1: ಜಾಗ ಗೊತ್ತು ಮಾಡಿ

ನಾಲ್ಕು ಜಾಗ ಸಾಕು. ಸಮುದ್ರದ ಬಾಯಿ ತದಡಿ, ನಡುವೆ ಮಾಸೂರು ಆಸುಪಾಸು, ಮೇಲೆ ಮಿರ್ಜಾನ, ಇನ್ನೂ ಮೇಲೆ ದಿವಗಿ ಸೇತುವೆ. ಹತ್ತು ಜಾಗ ಗುರುತು ಹಾಕಿಕೊಂಡು ಎರಡನೇ ತಿಂಗಳಿಗೆ ಕೈಬಿಡುವುದಕ್ಕಿಂತ ನಾಲ್ಕನ್ನು ವರ್ಷಪೂರ್ತಿ ನೋಡುವುದು ಮೇಲು.

ಹಂತ 2: ಹೊತ್ತು ಗೊತ್ತು ಮಾಡಿ

ಎಲ್ಲರೂ ಎಡವುವುದು ಇಲ್ಲಿಯೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಏಳು ದಿನಕ್ಕೆ 350 ನಿಮಿಷ, ಅಂದರೆ ಆರು ಗಂಟೆಗೆ ಹತ್ತು ನಿಮಿಷ ಕಡಿಮೆ. ಉಬ್ಬರದಿಂದ ಇಳಿತಕ್ಕೆ ಬೇಕಾಗುವುದೂ ಆರು ಗಂಟೆ ಚಿಲ್ಲರೆಯೇ. ಲೆಕ್ಕ ಹಾಕಿ ನೋಡಿ. ಈ ಭಾನುವಾರ ಹತ್ತು ಗಂಟೆಗೆ ಹೊಳೆ ತುಂಬಿದ್ದರೆ ಮುಂದಿನ ಭಾನುವಾರ ಹತ್ತಕ್ಕೆ ಕೆಸರು ಕಾಣುತ್ತಿರುತ್ತದೆ. ಅದರಾಚೆಯ ವಾರ ಮತ್ತೆ ತುಂಬಿರುತ್ತದೆ. ಒಂದು ವಾರ ಸಮುದ್ರದ ನೀರು, ಮತ್ತೊಂದು ವಾರ ಹೊಳೆಯ ನೀರು. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಹೋಗುವವರ ನಕ್ಷೆ ಗರಗಸದ ಹಲ್ಲಿನ ಹಾಗೆ ಬರುವುದು ಇದಕ್ಕೇ.

ಪರಿಹಾರ ಸುಲಭ. ವಾರ ಬಿಡಿ, ತಿಥಿ ಹಿಡಿಯಿರಿ. ಮೀನುಗಾರರು ಮಾಡುವುದು ಅದನ್ನೇ ಅಲ್ವಾ? ಅಮಾವಾಸ್ಯೆಯಿಂದ ಹುಣ್ಣಿಮೆಗೆ, ಹುಣ್ಣಿಮೆಯಿಂದ ಅಮಾವಾಸ್ಯೆಗೆ ಹದಿನೈದು ದಿನ ಹಿಡಿಯಿರಿ. ಅಷ್ಟರಲ್ಲಿ ಉಬ್ಬರ ಹೆಚ್ಚುಕಡಿಮೆ ಅದೇ ಗಡಿಯಾರದ ಹೊತ್ತಿಗೆ ವಾಪಸ್ ಬಂದಿರುತ್ತದೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಹೊಳೆ ತುಂಬುತ್ತದೆ, ಸಂಜೆ ಐದರ ಸುಮಾರಿಗೆ ಇಳಿದಿರುತ್ತದೆ. ಒಂದೇ ಹಗಲಲ್ಲಿ ಎರಡೂ ಸಿಗುತ್ತವೆ. ನನ್ನ ಖಡಾಖಂಡಿತ ಸಲಹೆ: ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನ ಹೋಗಿ. ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರವನ್ನೂ ನೋಡಬೇಕು, ಆದರೆ ಅದನ್ನು ಬೇರೆ ಪುಟದಲ್ಲಿ ಬರೆಯಿರಿ. ಎರಡನ್ನೂ ಒಂದೇ ಸಾಲಿನಲ್ಲಿ ಕಲಸಬೇಡಿ.

ಎರಡು ಹೊತ್ತೂ ಯಾಕೆ ಬೇಕು ಅಂದರೆ, ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ. ತುಂಬಿದಾಗ ಸಿಗುವುದು ಸಮುದ್ರದ ಸುದ್ದಿ. ಇಳಿದಾಗ ಮೇಲಿನ ಹೊಳೆ, ಊರಿನ ಮೋರಿ, ಗಜನಿಗಳಲ್ಲಿ ಮಾಡಿದ ಸೀಗಡಿ ಕೆರೆಗಳ ಸುದ್ದಿ. ಸೀಗಡಿ ಕೆರೆಯವರು ನೀರು ಬಿಡುವುದು ಇಳಿತದಲ್ಲೇ, ಉಬ್ಬರದಲ್ಲಿ ಬಾಗಿಲು ತೆಗೆದರೆ ನೀರು ಒಳಗೆ ಬರುತ್ತದೆ. ಬರೀ ಉಬ್ಬರದಲ್ಲಿ ನೀರು ತೆಗೆದು ‘ಅಳಿವೆ ಶುದ್ಧವಾಗಿದೆ’ ಎಂದು ಬರೆದವರ ವರದಿಯನ್ನು ನಾನು ಪಕ್ಕಕ್ಕಿಡುತ್ತೇನೆ.

ಇನ್ನೊಂದು ಸೂಕ್ಷ್ಮ ಇದೆ. ಉಬ್ಬರ-ಇಳಿತದ ಪಟ್ಟಿಯಲ್ಲಿರುವುದು ಕಾರವಾರದಂಥ ಬಂದರಿನ ಹೊತ್ತು. ಅದು ದಿವಗಿಯ ಹೊತ್ತಲ್ಲ. ಉಬ್ಬರ ಹೊಳೆಯಲ್ಲಿ ಮೇಲಕ್ಕೆ ಏರಿ ಬರಲು ಸಮಯ ಬೇಕು. ಎಷ್ಟು ಸಮಯ ಅನ್ನುವುದನ್ನು ನೀವೇ ಕಂಡುಕೊಳ್ಳಬೇಕು. ಒಂದು ಬಿದಿರಿನ ಗಳಕ್ಕೆ ಐದು ಸೆಂಟಿಮೀಟರ್‌ಗೆ ಒಂದರಂತೆ ಬಣ್ಣದ ಗೆರೆ ಎಳೆದು ಪ್ರತಿ ಜಾಗದಲ್ಲೂ ಕೆಸರಿಗೆ ಊರಿ. ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟ ಬರೆಯಿರಿ. ಒಂದು ಹಗಲು ಕೂತರೆ ವ್ಯತ್ಯಾಸ ಗೊತ್ತಾಗುತ್ತದೆ. ಮಟ್ಟ ನಿಂತ ಕ್ಷಣಕ್ಕೇ ಹರಿವೂ ನಿಲ್ಲುತ್ತದೆ ಅಂತ ತಿಳಿಯಬೇಡಿ. ಗಳದ ಮೇಲೆ ನೀರು ಇಳಿಯತೊಡಗಿದ ಮೇಲೂ ಹರಿವು ಸ್ವಲ್ಪ ಹೊತ್ತು ಮೇಲ್ಮುಖವಾಗಿಯೇ ಇರಬಹುದು. ಒಂದು ಒಣ ಎಲೆ ಬಿಟ್ಟು ನೋಡಿ, ಅದು ನಿಂತಾಗ ನೀರು ತುಂಬಿಕೊಳ್ಳಿ.

ಹಂತ 3: ಉಪ್ಪು, ಮೇಲೂ ಕೆಳಗೂ

ಅಳಿವೆಯಲ್ಲಿ ಮೊದಲು ಅಳೆಯಬೇಕಾದದ್ದು ಉಪ್ಪು. ಪಕ್ಕದ ಶರಾವತಿಯನ್ನೇ ನೋಡಿ. ಲಿಂಗನಮಕ್ಕಿಯಿಂದ ವಿದ್ಯುತ್ತಿಗೆ ಬಿಡುವ ಸಿಹಿನೀರು ವರ್ಷವಿಡೀ ಹೊನ್ನಾವರದ ಅಳಿವೆಗೆ ಬರುತ್ತದೆ. ಬೇಸಿಗೆಯಲ್ಲೂ ಅಲ್ಲಿ ಉಪ್ಪು ಅಘನಾಶಿನಿಯಷ್ಟು ಏರುವುದಿಲ್ಲ, ಬಳಚು ಕೂಡ ಇಲ್ಲಿಯಷ್ಟಿಲ್ಲ. ನೀರು ಕೊಳಕಾಗದೆಯೂ ಅಳಿವೆ ಬದಲಾಗಬಹುದು.

ಸಮುದ್ರದ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು. ಬೇಸಿಗೆಯ ಕೊನೆಗೆ ಅಳಿವೆಯ ಬಾಯಲ್ಲಿ ಅದರ ಹತ್ತಿರ ಹೋಗುತ್ತದೆ. ಮಳೆಗಾಲ ಜೋರಾದಾಗ ಮೇಲ್ನೀರು ಬಹುಪಾಲು ಸಿಹಿ. ಇದನ್ನು ನೋಡಲು ರಿಫ್ರಾಕ್ಟೋಮೀಟರ್ ಸಾಕು. ಎರಡು ಹನಿ ಹಾಕಿ ಬೆಳಕಿಗೆ ಹಿಡಿದು ಗೆರೆ ಓದುವುದು. ಪ್ರತಿದಿನ ಮೊದಲು ಡಿಸ್ಟಿಲ್ಡ್ ವಾಟರ್ ಹಾಕಿ ಸೊನ್ನೆಗೆ ಕೂರಿಸಿ. ಕೊಳ್ಳುವಾಗ ಸಮುದ್ರದ ನೀರಿನ ಸ್ಕೇಲ್ ಇದೆಯೇ ಕೇಳಿ. ಅಗ್ಗದ ಕೆಲವು ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದವು, ಅವುಗಳ ಓದು ಒಂದೆರಡು ಅಂಕ ತಪ್ಪುತ್ತದೆ.

ಮನೆಯ ಫಿಲ್ಟರ್ ನೀರು ನೋಡುವ ಪೆನ್ನಿನಂಥ ಟಿಡಿಎಸ್ ಮೀಟರ್ ದಯವಿಟ್ಟು ತರಬೇಡಿ. ಅಂಥವು ಸಾಮಾನ್ಯವಾಗಿ ಹತ್ತು ಲಕ್ಷಕ್ಕೆ 9,990 ಪಾಲಿಗೆ ನಿಂತುಬಿಡುತ್ತವೆ. ಸಮುದ್ರದ ನೀರು 35,000ದ ಆಸುಪಾಸು. ಅದು ಕಣ್ಣು ಮಿಟುಕಿಸುತ್ತಾ ಕೂರುತ್ತದೆ, ನೀವು ‘ಮೀಟರ್ ಹಾಳಾಗಿದೆ’ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗುತ್ತೀರಿ.

ಉಪ್ಪುನೀರು ಭಾರ. ಅದು ತಳದಲ್ಲಿ ಸಮುದ್ರದಿಂದ ಒಳಕ್ಕೆ ನುಗ್ಗುತ್ತದೆ, ಸಿಹಿನೀರು ಮೇಲೆ ಹಗುರಾಗಿ ಹೊರಕ್ಕೆ ಹೋಗುತ್ತದೆ. ಮಳೆ ಶುರುವಾದ ಮೇಲಂತೂ ಮೇಲಿನ ನೀರು ಬಾಯಿಗೆ ಹಾಕಿದರೆ ಸಪ್ಪೆ, ತಳದ್ದು ಉಪ್ಪು ಅನ್ನುವಂತಿರುತ್ತದೆ. ಬಳಚು ಇರುವುದು ತಳದ ಕೆಸರಿನಲ್ಲಿ. ಬಕೆಟ್ ಎತ್ತಿಕೊಡುವುದು ಮೇಲಿನ ನೀರನ್ನು. ಅದಕ್ಕೇ ಪ್ರತಿ ಜಾಗದಲ್ಲೂ ಎರಡು ನೀರು ಬೇಕು, ಮೇಲಿನದ್ದೊಂದು, ತಳಕ್ಕಿಂತ ಅರ್ಧ ಮೀಟರ್ ಮೇಲಿನದ್ದೊಂದು. ತಳದ ನೀರಿಗೆ ಮನೆಯ ಉಪಾಯ ಉಂಟು. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಇಳಿಸುವುದು, ತಳದ ಹತ್ತಿರ ಹೋದಾಗ ದಾರ ಎಳೆದು ಬಿರಡೆ ತೆಗೆಯುವುದು. ಉಪ್ಪು ನೋಡಲು ಇದು ಧಾರಾಳ. ಆದರೆ ನೀರು ಗುಳುಗುಳು ಎಂದು ಒಳಹೋಗುವಾಗ ಗಾಳಿ ಬೆರೆಯುತ್ತದೆ. ಹಾಗಾಗಿ ಆ ನೀರಿನಲ್ಲಿ ಆಮ್ಲಜನಕ ನೋಡಬೇಡಿ. ಅದಕ್ಕೆ ಎರಡೂ ತುದಿ ತೆರೆದು ಇಳಿಸಿ, ಕೆಳಗೆ ಹೋದ ಮೇಲೆ ಮುಚ್ಚುವ ನಿಸ್ಕಿನ್ ಬಾಟಲಿಯೇ ಬೇಕು. ಕಾಲೇಜಿನ ಲ್ಯಾಬ್‌ನಲ್ಲಿ ಕೇಳಿ ನೋಡಿ.

ಹಂತ 4: ಆಮ್ಲಜನಕ

ಮೀಟರ್ ಇದ್ದವರು ಅದರಲ್ಲಿ ಉಪ್ಪಿನ ಅಂಕಿ ತುಂಬಿದ್ದೀರಾ ನೋಡಿಕೊಳ್ಳಿ. 28 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 7.8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, ಸಮುದ್ರದ ನೀರು 6.4ರ ಸುಮಾರು. ಉಪ್ಪು ಸೊನ್ನೆ ಎಂದು ಬಿಟ್ಟರೆ ಮೀಟರ್ ಐದರಲ್ಲೊಂದು ಪಾಲು ಜಾಸ್ತಿ ತೋರಿಸುತ್ತದೆ. ಎಲ್ಲರೂ ಖುಷಿಯಾಗಿ ಮನೆಗೆ ಹೋಗುತ್ತಾರೆ.

ನನ್ನ ನಂಬಿಕೆ ರಾಸಾಯನಿಕ ಹಾಕಿ ಆಮ್ಲಜನಕ ಅಳೆಯುವ ಹಳೆಯ ವಿಂಕ್ಲರ್ ವಿಧಾನದ ಮೇಲೆ. 300 ಮಿಲಿಲೀಟರ್‌ನ, ಗಾಜಿನ ಬಿರಡೆಯ ಬಿಒಡಿ ಬಾಟಲಿ ತನ್ನಿ. ನಿಸ್ಕಿನ್‌ನ ರಬ್ಬರ್ ನಳಿಕೆಯನ್ನು ಈ ಬಾಟಲಿಯ ತಳಕ್ಕೆ ಮುಟ್ಟಿಸಿ ನೀರು ಬಿಡಿ. ತುಂಬಿದ ಮೇಲೂ ನಿಲ್ಲಿಸಬೇಡಿ, ಬಾಟಲಿಯ ಎರಡರಷ್ಟು ನೀರು ಹೊರಚೆಲ್ಲಲಿ. ನಳಿಕೆಯನ್ನು ನಿಧಾನವಾಗಿ ಎಳೆಯಿರಿ. ಬಾಟಲಿಯ ಕತ್ತನ್ನು ಬೆರಳಿನಿಂದ ತಟ್ಟಿ, ಒಳಗೆ ಗುಳ್ಳೆ ಅಂಟಿದ್ದರೆ ಏಳುತ್ತದೆ. ಮ್ಯಾಂಗನೀಸ್ ಸಲ್ಫೇಟ್ 2 ಮಿಲಿ, ಆಮೇಲೆ ಕ್ಷಾರ-ಅಯೊಡೈಡ್-ಅಜೈಡ್ 2 ಮಿಲಿ, ಎರಡನ್ನೂ ಪಿಪೆಟ್ ತುದಿ ನೀರಿನೊಳಗೆ ಇಳಿಸಿ ಬಿಡಿ. ಬಿರಡೆ ಹಾಕಿ ತಲೆಕೆಳಗು ಮಾಡಿ ಅಲುಗಿಸಿ. ಕಂದು ಬಣ್ಣದ ಮೋಡದಂಥದ್ದು ಕಟ್ಟುತ್ತದೆ. ಬಿಳಿಯಾಗಿಯೇ ಉಳಿದರೆ ಆಮ್ಲಜನಕ ಇಲ್ಲವೇ ಇಲ್ಲ, ಅಲ್ಲಿ ಏನೋ ಗಂಭೀರವಾಗಿದೆ.

ಉಪ್ಪುನೀರಿನಲ್ಲಿ ಈ ಮೋಡ ಇಳಿಯುವುದು ನಿಧಾನ. ಇಲ್ಲೇ ಹುಡುಗರಿಗೆ ತಾಳ್ಮೆ ತಪ್ಪುತ್ತದೆ. ಅರ್ಧ ಬಾಟಲಿ ತಿಳಿಯಾಗುವ ತನಕ ಕಾಯಿರಿ, ಮತ್ತೊಮ್ಮೆ ಅಲುಗಿಸಿ, ಮತ್ತೆ ಕಾಯಿರಿ. ಆಮೇಲೆ ಗಂಧಕಾಮ್ಲ 2 ಮಿಲಿ. ಮೋಡ ಕರಗಿ ನೀರು ಹಳದಿ-ಕಂದು ಆಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಈ ಆಮ್ಲ ಮುಟ್ಟಬೇಡಿ, ದೋಣಿಯಲ್ಲಿ ಅಂತೂ ಬೇಡವೇ ಬೇಡ. ದಡಕ್ಕೆ ಬಂದು ಮಾಡಿ. ಟೈಟ್ರೇಷನ್, ಅಂದರೆ ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಆಮ್ಲಜನಕದ ಲೆಕ್ಕ ತೆಗೆಯುವುದು, ಅದೇ ದಿನ ಲ್ಯಾಬ್‌ನಲ್ಲಿ ಆದರೆ ಸಾಕು, ಬಾಟಲಿ ಕತ್ತಲಲ್ಲಿರಲಿ. ಅಲ್ಲಿ ಪಿಷ್ಟ ಹಾಕಿದಾಗ ಬರುವ ನೀಲಿ ಮೊದಲ ಸಲ ಮಾಯವಾದದ್ದೇ ಕೊನೆ. ಆಮೇಲೆ ವಾಪಸ್ ಬರುವ ನೀಲಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಚಿಪ್ಪುಜೀವಿ ಹಿಡಿಯುವ, ಉಪ್ಪಿನಾಗರ ಇರುವ ಕರಾವಳಿ ನೀರಿಗೆ ನಮ್ಮ ದೇಶದ ಮಾನದಂಡ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಆಮ್ಲಜನಕ ಅಥವಾ ಆ ನೀರು ಹಿಡಿಯಬಲ್ಲ ಪೂರ್ಣ ಪ್ರಮಾಣದ ಶೇ 60, ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಅಳೆದ ಹೊತ್ತನ್ನು ಮರೆಯದೆ ಬರೆಯಿರಿ. ಹಗಲಲ್ಲಿ ಪಾಚಿ ಆಮ್ಲಜನಕ ತಯಾರಿಸುತ್ತದೆ, ರಾತ್ರಿ ಎಲ್ಲವೂ ಸೇರಿ ಉಸಿರಾಡಿ ಖಾಲಿ ಮಾಡುತ್ತವೆ. ಮಧ್ಯಾಹ್ನ ಎರಡಕ್ಕೆ ಚೆನ್ನಾಗಿದ್ದ ನೀರಿನಲ್ಲಿ ನಸುಕಿಗೆ ಮೀನು ಬಾಯಿ ಬಿಡುವುದುಂಟು. ಅನುಮಾನ ಬಂದ ಜಾಗಕ್ಕೆ ಸೂರ್ಯ ಹುಟ್ಟುವ ಮೊದಲು ಒಮ್ಮೆ ಹೋಗಿ.

ಹಂತ 5: ಉಳಿದವು

ಉಷ್ಣಾಂಶ ನೀರಿನಲ್ಲೇ ನೋಡಿ. ಪಿಎಚ್‌ಗೆ ಮೀಟರ್ ಬಳಸಿ, ಪಟ್ಟಿ ಬೇಡ. ತಿಳಿ ಎಷ್ಟು ಅನ್ನುವುದಕ್ಕೆ ಕಪ್ಪು-ಬಿಳಿ ಸೆಕಿ ತಟ್ಟೆ ಇಳಿಸಿ ಕಣ್ಮರೆಯಾಗುವ ಆಳ ಬರೆಯಿರಿ. ನೈಟ್ರೇಟ್, ಫಾಸ್ಫೇಟ್ ಲ್ಯಾಬಿಗೆ ಕೊಡಿ. ಅಕ್ವೇರಿಯಂ ಅಂಗಡಿಯ ಸಿಹಿನೀರಿನ ಕಿಟ್‌ಗಳನ್ನು ಉಪ್ಪುನೀರಿನಲ್ಲಿ ನಂಬುವಂತಿಲ್ಲ.

ಕುಡಿಯುವ ನೀರಿಗೆ ಬಳಸುವ, ಕಪ್ಪಾದರೆ ಮಲಿನ ಅನ್ನುವ ಬಾಟಲಿಯನ್ನೂ ಇಲ್ಲಿ ಬಳಸಬೇಡಿ. ಅಳಿವೆಯ ಕೆಸರಲ್ಲಿ ಗಂಧಕದ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತವೆ, ಮಲದ ಸೋಂಕಿಲ್ಲದೆಯೂ ಅದು ಕಪ್ಪಾಗಬಹುದು. ಮಲದ ಸೋಂಕಿನ ಸುಳಿವು ಕೊಡುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗೆ ಕ್ರಿಮಿಶುದ್ಧ ಬಾಟಲಿ, ಐಸ್ ಪೆಟ್ಟಿಗೆ, ಆರು ಗಂಟೆಯೊಳಗೆ ಲ್ಯಾಬ್. ಅಷ್ಟು ಆಗದಿದ್ದರೆ ಆ ಪರೀಕ್ಷೆ ಬಿಟ್ಟುಬಿಡಿ.

ಹಂತ 6: ಕೆಸರಿಗೆ ಇಳಿಯಿರಿ

ನೀರಿನ ಅಂಕಿ ಆ ಗಳಿಗೆಯದ್ದು. ಬಳಚು ತಿಂಗಳುಗಟ್ಟಲೆ ಅಲ್ಲೇ ಕೂತು ಬಂದ ನೀರನ್ನೆಲ್ಲ ಸೋಸಿರುತ್ತದೆ. ದೊಡ್ಡ ಇಳಿತದಲ್ಲಿ ದಂಡೆ ಬಿಟ್ಟಾಗ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಪೈಪಿನ ಚೌಕಟ್ಟನ್ನು ಕಣ್ಣುಮುಚ್ಚಿ ಎಸೆಯಿರಿ. ಬಳಚು ಜಾಸ್ತಿ ಕಂಡಲ್ಲಿ ಇಡುವುದು ಮೋಸ. ಬಿದ್ದಲ್ಲಿ 15 ಸೆಂಟಿಮೀಟರ್ ಆಳಕ್ಕೆ ತೋಡಿ, ಒಂದು ಮಿಲಿಮೀಟರ್ ಜರಡಿಯಲ್ಲಿ ಹೊಳೆ ನೀರಿನಲ್ಲೇ ತೊಳೆಯಿರಿ. ಜೀವ ಇರುವುದು ಎಷ್ಟು, ಖಾಲಿ ಚಿಪ್ಪು ಎಷ್ಟು ಅಂತ ಬೇರೆ ಬೇರೆ ಎಣಿಸಿ. ಪ್ರತಿಯೊಂದರ ಉದ್ದ ವರ್ನಿಯರ್‌ನಲ್ಲಿ ಅಳೆಯಿರಿ. ಬರೀ ದೊಡ್ಡವಿದ್ದು ಮರಿಗಳೇ ಇಲ್ಲದಿದ್ದರೆ ಒಟ್ಟು ಸಂಖ್ಯೆ ಎಷ್ಟೇ ಇರಲಿ, ಆ ಸುದ್ದಿ ಒಳ್ಳೆಯದಲ್ಲ. ಎಣಿಸಿದ್ದನ್ನು ವಾಪಸ್ ಅಲ್ಲೇ ಬಿಡಿ.

ತೋಡಿದಾಗ ಕೆಳಗೆ ಕಪ್ಪು ಪದರ, ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಅದನ್ನು ನೋಡಿ ‘ಕಾರ್ಖಾನೆ ತ್ಯಾಜ್ಯ’ ಅಂತ ಕೂಗಿದವರಿದ್ದಾರೆ. ಕಾಂಡ್ಲಾ ಬುಡದ ಕೆಸರು ಇರುವುದೇ ಹಾಗೆ. ನೋಡಬೇಕಾದದ್ದು ಮೇಲಿನ ಕಂದು ಪದರ ಎಷ್ಟು ದಪ್ಪ ಇದೆ ಎಂದು. ಅದು ತೆಳುವಾಗುತ್ತಾ ಬಂದರೆ ಕೆಸರಿಗೆ ಆಮ್ಲಜನಕ ಇಳಿಯುತ್ತಿಲ್ಲ. ಚೌಕಟ್ಟಿನೊಳಗಿನ ಏಡಿ ಬಿಲಗಳನ್ನೂ ಎಣಿಸಿಡಿ.

ಚಪ್ಪಲಿಯಲ್ಲಿ ಇಳಿಯಬೇಡಿ, ಕೆಸರು ನುಂಗುತ್ತದೆ. ಬರಿಗಾಲೂ ಬೇಡ, ಸಿಂಪಿಯ ಅಂಚು ಬ್ಲೇಡಿನಷ್ಟು ಹರಿತ. ಲೇಸ್ ಕಟ್ಟುವ ಹಳೆಯ ಕ್ಯಾನ್ವಾಸ್ ಬೂಟೇ ಸರಿ. ಒಬ್ಬರೇ ಹೋಗಬೇಡಿ. ಬಳಚು ಹೆಕ್ಕುವ ಹೆಂಗಸರನ್ನು ಕೇಳಿ, ಅವರು ನಡೆದ ದಾರಿಯಲ್ಲೇ ನಡೆಯಿರಿ. ಹೋದ ವರ್ಷ ಈ ದಂಡೆಯಲ್ಲಿ ಎಷ್ಟು ಸಿಗುತ್ತಿತ್ತು ಅನ್ನುವುದೂ ಅವರಿಗೆ ಗೊತ್ತು. ಅದನ್ನೂ ಬರೆದುಕೊಳ್ಳಿ.

ಹಂತ 7: ಪುಸ್ತಕ

ದಿನಾಂಕ, ತಿಥಿ, ಗಂಟೆ, ನೀರು ಏರುತ್ತಿತ್ತೋ ಇಳಿಯುತ್ತಿತ್ತೋ, ಗಳದ ಮೇಲಿನ ಮಟ್ಟ, ಹಿಂದಿನ ಮೂರು ದಿನ ಶಿರಸಿ-ಸಿದ್ದಾಪುರದ ಕಡೆ ಮಳೆ ಇತ್ತೋ ಇಲ್ಲವೋ. ಇವಿಲ್ಲದ ಅಂಕಿಗೆ ಬೆಲೆಯಿಲ್ಲ. ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ಹರಡುತ್ತದೆ. ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಕೊಡಿ, ಕನ್ನಡದಲ್ಲೇ ಇರಲಿ.

ವಿಂಕ್ಲರ್ ಮಾಡಿ ಉಳಿದ ದ್ರಾವಣವನ್ನು ಮಾತ್ರ ಹೊಳೆಗೆ ಚೆಲ್ಲಬೇಡಿ. ಅದರಲ್ಲಿ ಅಜೈಡ್ ಇದೆ, ವಿಷ. ಮುಚ್ಚಳವಿರುವ ಕ್ಯಾನಿಗೆ ಸುರಿದು ಲ್ಯಾಬಿಗೇ ವಾಪಸ್ ಒಯ್ಯಿರಿ, ಅವರ ಹತ್ತಿರ ಅದಕ್ಕೆ ಬೇರೆ ಡಬ್ಬಿ ಇರುತ್ತದೆ.