ಫೋನಿನಲ್ಲಿ ಮದ್ದಳೆ ಕೇಳಬೇಕಾದರೆ

ಕಳೆದ ಮಳೆಗಾಲದಲ್ಲಿ ಶಿರಸಿ ಹತ್ತಿರದ ಒಂದು ಮನೆಯಲ್ಲಿ ತಾಳಮದ್ದಳೆ (ವೇಷವಿಲ್ಲದೆ ಕೂತು, ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಇತ್ತು. ನಾಲ್ಕು ಮೈಕು ಇಟ್ಟು ರೆಕಾರ್ಡ್ ಮಾಡಿದೆ. ಹೆಡ್‌ಫೋನ್ ಹಾಕಿಕೊಂಡು ಎರಡು ರಾತ್ರಿ ಕೂತು ಮಿಕ್ಸ್ ಮಾಡಿ, ನೆಂಟರಿಗೆಲ್ಲ ವಾಟ್ಸ್ಆ್ಯಪ್ ಮಾಡಿದೆ. ಮರುದಿನ ಕುಮಟಾದಿಂದ ಅತ್ತೆಯ ಫೋನು: "ತಮಾ, ಪದ್ಯ ಚಲೋ ಬಂದಿದೆ. ಮದ್ದಳೆಯವರು ಬಂದಿರಲಿಲ್ವಾ?"

ಬಂದಿದ್ದರು. ರಾತ್ರಿಯಿಡೀ ನುಡಿಸಿದ್ದರು.

ಫೋನಿನ ಸ್ಪೀಕರ್ ಇರುವುದು ಹೆಬ್ಬೆರಳಿನ ಉಗುರಿನಷ್ಟು. ಅಷ್ಟು ಸಣ್ಣ ಪೊರೆ ಎಷ್ಟು ಗಾಳಿ ತಳ್ಳೀತು? ಬಹಳಷ್ಟು ಫೋನ್‌ಗಳಲ್ಲಿ 300-400 ಹರ್ಟ್ಸ್‌ನಿಂದ ಕೆಳಗೆ ದನಿ ಕರಗುತ್ತಾ ಹೋಗುತ್ತದೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅಂತ, ಕಡಿಮೆಯಾದಷ್ಟೂ ದನಿ ತಗ್ಗು). ಮದ್ದಳೆಯಲ್ಲಿ ಎಡಗೈ ನುಡಿಸುವ ತಗ್ಗು ದನಿಯ, ಅಂದರೆ ಗುಮುಕಿನ, ಜೀವ ಇರುವುದೇ ಅಲ್ಲಿ. ತಾಳಕ್ಕೆ ಈ ತೊಂದರೆ ಇಲ್ಲ, ಅದು ಎಲ್ಲಿದ್ದರೂ ಕಿವಿಗೆ ಚುಚ್ಚುತ್ತದೆ. ಇದನ್ನು ಸರಿಮಾಡುವ ಕೆಲಸವನ್ನೆಲ್ಲ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಸೌಂಡ್ ಎಡಿಟಿಂಗ್ ತಂತ್ರಾಂಶದಲ್ಲೇ ಮಾಡಬಹುದು.

ಶುರುವಿಗೇ ಎಲ್ಲವನ್ನೂ ಮೋನೊ ಮಾಡಿ, ಅಂದರೆ ಎಡ-ಬಲ ಸೇರಿಸಿ ಒಂದೇ ಮಾಡಿ, ಕೇಳಿ. ಎಷ್ಟೋ ಫೋನ್‌ಗಳಲ್ಲಿ ದನಿ ಬರುವುದು ಒಂದೇ ತೂತಿನಿಂದ. ಎಡ-ಬಲ ಸೇರಿದಾಗ ಕೆಲವು ದನಿಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಎರಡು ಮೈಕಿಗೆ ಮದ್ದಳೆಯಿಂದ ಇರುವ ದೂರದಲ್ಲಿ 34 ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಸಾಕು, ಒಂದರಲ್ಲಿ ದನಿ 1 ಮಿಲಿಸೆಕೆಂಡ್ ತಡವಾಗುತ್ತದೆ. ಎರಡನ್ನೂ ಸೇರಿಸಿದರೆ 500 ಹರ್ಟ್ಸ್ ಸುತ್ತ ದನಿಯಲ್ಲಿ ಗುಂಡಿ ಬೀಳುತ್ತದೆ. ಒಂದು ಟ್ರ್ಯಾಕನ್ನು (ಒಂದು ಮೈಕಿನ ರೆಕಾರ್ಡಿಂಗನ್ನು) ಅಷ್ಟೇ ಹಿಂದೆ-ಮುಂದೆ ಸರಿಸಿದರೆ ದನಿ ಮತ್ತೆ ತುಂಬಿಕೊಳ್ಳುತ್ತದೆ.

ಆಮೇಲೆ ಹೈ-ಪಾಸ್ ಫಿಲ್ಟರ್ ಹಾಕಿ, ಹಾಡು ಮತ್ತು ಮಾತಿನ ಮೈಕುಗಳಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆಯಿರಿ. ಕರೆಂಟಿನ 50 ಹರ್ಟ್ಸ್ ಗುಂಯ್ ಸದ್ದು, ಮೈಕಿನ ಕಂಬಕ್ಕೆ ಕಾಲು ತಾಗಿದ ಸದ್ದು ಎಲ್ಲ ಬಹುಮಟ್ಟಿಗೆ ತಗ್ಗುತ್ತದೆ. ಫೋನಿನಲ್ಲಿ ಹೇಗೂ ಕೇಳದ ಸದ್ದನ್ನು ತೆಗೆಯುವುದು ಯಾಕೆ ಅಂತೀರಾ? ಅದು ಕೇಳದಿದ್ದರೂ ಜಾಗ ತಿನ್ನುತ್ತದೆ. ಕೊನೆಗೆ, ದನಿ ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಹಾಕಿದಾಗ ಅದರಿಂದಾಗಿ ಉಳಿದ ದನಿಯೂ ಕುಗ್ಗುತ್ತದೆ. ಹಂಚಿನ ಮೇಲಿನ ಮಳೆ ಮಾತ್ರ ಈ ಫಿಲ್ಟರಿಗೆ ಬಗ್ಗುವುದಿಲ್ಲ, ಅದು ಮೇಲಿಂದ ಕೆಳಗಿನವರೆಗೂ ಹರಡಿರುತ್ತದೆ. ಇರಲಿ ಬಿಡಿ. ನಮ್ಮ ಕಡೆ ಆಷಾಢದಲ್ಲಿ ಮಳೆಯೂ ಹಿಮ್ಮೇಳದಲ್ಲೇ ಕೂತಿರುತ್ತದೆ.

ಈಗ ಮದ್ದಳೆ. ನಾನು ಮೊದಲು ಮಾಡಿದ ತಪ್ಪು ಬಾಸ್ ಏರಿಸಿದ್ದು. ಏರಿಸಿದಷ್ಟೂ ಸ್ಪೀಕರ್ ಪರಪರ ಅಂದಿತೇ ಹೊರತು ಮದ್ದಳೆ ಬರಲಿಲ್ಲ. ಇಲ್ಲಿ ನಂಬಬೇಕಾದದ್ದು ಕೇಳುವವರ ತಲೆಯನ್ನು. 100 ಹರ್ಟ್ಸ್ ದನಿಯ ಜೊತೆ 200, 300, 400, 500ರ ಮರಿದನಿಗಳೂ ಇದ್ದರೆ, ಬುಡದ 100 ಕಾಣೆಯಾದರೂ ಮಿದುಳು ಅದನ್ನು ತಾನೇ ಊಹಿಸಿಕೊಂಡು ಕೇಳುತ್ತದೆ. ಆದ್ದರಿಂದ ಆ ಮರಿಗಳನ್ನು ಹುಟ್ಟಿಸಬೇಕು. ಮದ್ದಳೆಯ ಟ್ರ್ಯಾಕಿಗೆ ಒಂದು ನಕಲು ಮಾಡಿ. ನಕಲಿಗೆ ಲೋ-ಪಾಸ್ ಹಾಕಿ 250ಕ್ಕಿಂತ ಕೆಳಗಿನದನ್ನು ಮಾತ್ರ ಉಳಿಸಿ. ಅದಕ್ಕೆ ಡಿಸ್ಟಾರ್ಷನ್‌ನಲ್ಲಿರುವ ಸಾಫ್ಟ್ ಓವರ್‌ಡ್ರೈವ್ ಹದವಾಗಿ ಕೊಡಿ, ದನಿಯನ್ನು ತುಸು ಒಡೆದು ಮರಿ ಹುಟ್ಟಿಸುವುದು ಅದೇ. ಮತ್ತೆ 300ಕ್ಕೆ ಹೈ-ಪಾಸ್. ಉಳಿದದ್ದನ್ನು ಒಂಟಿಯಾಗಿ ಕೇಳಿದರೆ ಒಡಕು ಡಬ್ಬ ಬಡಿದ ಹಾಗಿರುತ್ತದೆ, ಹೆದರಬೇಡಿ. ಮೂಲ ಮದ್ದಳೆಗಿಂತ 10-12 ಡೆಸಿಬೆಲ್ ಕೆಳಗಿಟ್ಟು ಬೆರೆಸಿ. ಒಗ್ಗರಣೆಗೆ ಇಂಗು ಹಾಕಿದಷ್ಟು ಸಾಕು, ಜಾಸ್ತಿಯಾದರೆ ಅದೇ ಮೂಗಿಗೆ ಬಡಿಯುತ್ತದೆ.

ಭಾಗವತರ ಪದ್ಯಕ್ಕೂ ಅರ್ಥಧಾರಿಗಳ ಮಾತಿಗೂ 2ರಿಂದ 4 ಕಿಲೋಹರ್ಟ್ಸ್ ನಡುವೆ 2 ಡೆಸಿಬೆಲ್ ಏರಿಸಿದರೆ ಅಕ್ಷರ ಬಿಡಿಸಿ ಕೇಳುತ್ತದೆ. ನಮ್ಮ ಕಿವಿ ಅಲ್ಲೇ ಹೆಚ್ಚು ಚುರುಕು. 1933ರಲ್ಲೇ ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ತಾಳದ ಚುಚ್ಚು ಅದೇ ಜಾಗಕ್ಕೆ ಬಂದು ಅಡ್ಡ ನಿಂತರೆ ತಾಳವನ್ನೇ ಇಳಿಸಿ, ದನಿ ಏರಿಸಬೇಡಿ.

ಪದ್ಯ ಜೋರು, ಮಾತು ಮೆತ್ತಗೆ. ಬಸ್ ಸ್ಟ್ಯಾಂಡಿನಲ್ಲಿ ಕೇಳುವವರಿಗೆ ಮೆತ್ತಗಿನದು ಸಿಗುವುದೇ ಇಲ್ಲ. ಮೊದಲು ಕೈಯಾರೆ ಮಟ್ಟ ಸರಿಮಾಡಿ, ಆಮೇಲೆ ಜೋರು ದನಿಯನ್ನು ತಗ್ಗಿಸುವ ಕಂಪ್ರೆಸರನ್ನು 3:1ರಲ್ಲಿ (ಮಿತಿ ಮೀರಿದ 3 ಡೆಸಿಬೆಲ್ 1 ಆಗುವಂತೆ) ಇಟ್ಟು 3-4 ಡೆಸಿಬೆಲ್ ಹಿಡಿದರೆ ಸಾಕು. ಎಲ್ಲ ಕೆಲಸವನ್ನೂ ಕಂಪ್ರೆಸರಿಗೇ ಬಿಟ್ಟರೆ ಅರ್ಥಧಾರಿ ಉಸಿರೆಳೆದದ್ದೂ ಗುಡುಗಿದಂತೆ ಕೇಳುತ್ತದೆ.

ಕೊನೆಗೆ ಮಾಸ್ಟರಿಂಗ್, ಅಂದರೆ ಇಡೀ ಮಿಕ್ಸಿನ ಒಟ್ಟು ಮಟ್ಟ ಹದ ಮಾಡುವುದು. ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ -14 ಎಲ್‌ಯುಎಫ್‌ಎಸ್ (ಒಟ್ಟು ದನಿ ಎಷ್ಟು ಜೋರು ಎನ್ನುವ ಅಳತೆ) ಕೊಡಿ. ಯೂಟ್ಯೂಬಿನ ಮಿತಿ ಹೆಚ್ಚುಕಡಿಮೆ ಅದೇ, ಅದಕ್ಕಿಂತ ಜೋರು ಮಾಡಿದರೆ ಅಲ್ಲಿ ಇಳಿಸಿಬಿಡುತ್ತದೆ. ನಂತರ ಲಿಮಿಟರ್ -1 ಡೆಸಿಬೆಲ್‌ಗೆ. ಎಂಪಿ3 ಮಾಡುವಾಗ ದನಿಯ ಎತ್ತರದ ತುದಿಗಳು ಸ್ವಲ್ಪ ಏರುತ್ತವೆ, ಆ 1 ಡೆಸಿಬೆಲ್ ಅದಕ್ಕೆ ಬಿಟ್ಟ ಜಾಗ.

ಈಗ ಫೋನಿಗೆ ಹಾಕಿ ಕೇಳಿ. ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಬೋರಲು ಹಾಕಿ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ. ನಾನು ಹೀಗೆ ಮಾಡಿ ಎರಡನೇ ಸಲ ಅತ್ತೆಗೆ ಕಳಿಸಿದೆ. ವಿಡಿಯೊ ಆಗಿ ಕಳಿಸಿದರೆ ದನಿ ಮತ್ತೆ ಹಿಂಡಿಹೋಗುತ್ತದೆ ಅಂತ, ಈ ಸಲ ಡಾಕ್ಯುಮೆಂಟ್ ಆಗಿ. ಸಂಜೆ ಫೋನು ಬಂತು: "ಮದ್ದಳೆ ಕೇಳ್ತು. ನಡುವೆ ಯಾರೋ ಕೆಮ್ಮಿದ್ದೂ ಕೇಳ್ತು. ನಿನ್ನ ಮಾವನೇ ಅಲ್ವಾ?"