ಒಣಹವೆಯಲ್ಲಿ ಕ್ಯಾಮೆರಾ: ಸ್ಥಿರ ವಿದ್ಯುತ್ತಿನಿಂದ ಕಾಪಾಡುವುದು ಹೇಗೆ?

ಸಂಕ್ರಾಂತಿಯ ಹೊತ್ತಿಗೆ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆ ಪಾಲಿಯೆಸ್ಟರ್ ಅಂಗಿ ಕಳಚಿದರೆ ಚಟಪಟ ಸದ್ದು ಬರುತ್ತದೆ. ಅದೇ ಸ್ಥಿರ ವಿದ್ಯುತ್ತು. ಕೈಗೆ ಚುರ್ರೆನ್ನಲು ಸುಮಾರು 3,000 ವೋಲ್ಟ್ ಬೇಕು. ಎಷ್ಟೋ ಚಿಪ್‌ಗಳು ಕೆಡಲು ಕೆಲವು ನೂರು ವೋಲ್ಟ್ ಸಾಕು. ಚುರ್ರೆನ್ನಲಿಲ್ಲ ಅಂದಮಾತ್ರಕ್ಕೆ ಪೆಟ್ಟು ಬಿದ್ದಿಲ್ಲ ಎಂದಲ್ಲ.

ಮುಚ್ಚಿದ ಕ್ಯಾಮೆರಾಕ್ಕೆ ಅಷ್ಟು ಹೆದರಬೇಕಿಲ್ಲ. ಜೋಪಾನ ಬೇಕಾದದ್ದು ಲೆನ್ಸ್ ಬಿಚ್ಚುವಾಗ, ಕಾರ್ಡು, ಕೇಬಲ್ ಹಾಕಿ ತೆಗೆಯುವಾಗ. ಮೊದಲು ಸ್ವಿಚ್ ಆಫ್ ಮಾಡಿ. ಬಣ್ಣ ಹೋದ ಕಿಟಕಿ ಸರಳನ್ನೋ ಕಬ್ಬಿಣದ ನಲ್ಲಿಯನ್ನೋ ಮುಟ್ಟಿ. ಕೀಲಿಕೈ ಹಿಡಿದು ಮುಟ್ಟಿದರೆ ನೋವಾಗದು. ಎದ್ದು ಓಡಾಡಿ ಬಂದರೆ ಮತ್ತೆ ಮುಟ್ಟಬೇಕು. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಚಿನ್ನದ ಬಣ್ಣದ ಪಟ್ಟಿಗಳಿಗೆ ಬೆರಳು ತಾಗದಿರಲಿ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಬೇಡ, ಸೊಲ್ಲಾಪುರದ ಚಾದರ ಹಾಸಿ. ಆದರೆ ಅದು ಅಪ್ಪಟ ಹತ್ತಿಯದೇ ಆಗಿರಬೇಕು.

ಸೆನ್ಸರಿನ (ಚಿತ್ರ ಹಿಡಿಯುವ ಚಿಪ್ಪಿನ) ಧೂಳಿಗೆ ರಬ್ಬರ್ ಬ್ಲೋವರ್ ಒಂದೇ ಸಾಕು. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಕ್ಲೀನಿಂಗ್ ಮೋಡ್‌ಗೆ ಹಾಕಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬ್ಲೋವರಿನಿಂದ ಊದಿ. ನೈಲಾನ್ ಬ್ರಶ್ ಉಜ್ಜಿದಷ್ಟೂ ವಿದ್ಯುತ್ತು ಹುಟ್ಟಿ, ಧೂಳು ಇನ್ನಷ್ಟು ಅಂಟುತ್ತದೆ.

ಬಿಚ್ಚಿ ರಿಪೇರಿ ಮಾಡುವವರಿಗೆ 1 ಮೆಗಾಓಮ್ ರೆಸಿಸ್ಟರ್ ಇರುವ ಮಣಿಕಟ್ಟಿನ ಪಟ್ಟಿ ಬೇಕು. ಅದು ತೋಳಿನ ಬಟ್ಟೆಯ ಮೇಲಲ್ಲ, ಚರ್ಮಕ್ಕೇ ತಾಗಿರಲಿ. ಬರೀ ತಂತಿ ಕಟ್ಟಿಕೊಳ್ಳಬೇಡಿ. ಆ ರೆಸಿಸ್ಟರ್ ಇರುವುದು ವಿದ್ಯುತ್ತಿನ ಹರಿವನ್ನು ತಡೆದು ನಿಮ್ಮ ಜೀವ ಉಳಿಸಲು. ಪಟ್ಟಿಯ ಇನ್ನೊಂದು ತುದಿ ಅರ್ಥಿಂಗಿಗೆ (ನೆಲಕ್ಕೆ ಹೋಗುವ ತಂತಿಗೆ) ಸೇರಬೇಕು. ಮೂರು ಪಿನ್ನಿನ ಸಾಕೆಟ್ ಇದ್ದಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ನಂಬಬೇಡಿ, ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಫ್ಲ್ಯಾಶ್ ಮಾತ್ರ ಬಿಚ್ಚಲೇಬೇಡಿ: ಒಳಗಿನ ಕೆಪಾಸಿಟರ್ ಆಫ್ ಮಾಡಿದ ಮೇಲೂ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಂಡಿರುತ್ತದೆ. ಬಿಡಿಭಾಗ ಇಡಲು ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲವೇ ಬೇಕು. ಗುಲಾಬಿ ಚೀಲ ತಾನು ವಿದ್ಯುತ್ತು ಹುಟ್ಟಿಸದು, ಹೊರಗಿನ ಕಿಡಿಯನ್ನು ಮಾತ್ರ ತಡೆಯದು.

ಕಾಸರಗೋಡಿನ ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಬಾರದಿರಲು ತೇವ ಹೀರುವ ಸಿಲಿಕಾ ಜೆಲ್ ಬೇಕೇ ಬೇಕು. ಅದನ್ನೇ ನೋಡಿ ಇಲ್ಲಿ ಮಾಗಿ ಚಳಿಯಲ್ಲೂ ಪೆಟ್ಟಿಗೆಗೆ ತುಂಬಬೇಡಿ. ಕೆಲಸದ ಕೋಣೆಯ ತೇವಾಂಶ 40ರಿಂದ 50 ಪ್ರತಿಶತ ಇರಲಿ. ಕಡಿಮೆಯಾದರೆ ಒದ್ದೆ ಪಂಚೆ ತೂಗುಹಾಕಿ.

ಕಿಡಿ ಹಾರಿ ಕ್ಯಾಮೆರಾ ಹ್ಯಾಂಗ್ ಆದರೆ ಆಫ್ ಮಾಡಿ, ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಸರಿಹೋದರೂ ಒಂದೆರಡು ದಿನ ಮದುವೆಗೆ ಅದೊಂದನ್ನೇ ನಂಬಿ ಹೋಗಬೇಡಿ. ಅರೆಪೆಟ್ಟು ತಿಂದ ಚಿಪ್ ಆಮೇಲೂ ಕೈಕೊಡುತ್ತದೆ.