ಸ್ಕೂಟರ್, ಬೈಕ್, ಎಲೆಕ್ಟ್ರಿಕ್ ಗಾಡಿ: ಯಾವುದಕ್ಕೆ ಯಾವ ಡಿಎಲ್?

ಅರ್ಜಿ ತುಂಬುವ ಮುಂಚೆ ಯಾವ ವರ್ಗದ ಡ್ರೈವಿಂಗ್ ಲೈಸೆನ್ಸ್ (ಡಿಎಲ್) ಬೇಕೆಂದು ತೀರ್ಮಾನಿಸಿಕೊಳ್ಳಿ. ದ್ವಿಚಕ್ರ ವಾಹನಕ್ಕೆ ಇರುವುದು ಎರಡು ವರ್ಗ: ಗೇರ್ ಇಲ್ಲದ ಎಂಸಿಡಬ್ಲ್ಯುಒಜಿ, ಗೇರ್ ಇರುವ ಎಂಸಿಡಬ್ಲ್ಯುಜಿ. ಗೇರ್ ಗಾಡಿಯ ಡಿಎಲ್ ಇದ್ದವರು ಸ್ಕೂಟರನ್ನೂ ಓಡಿಸಬಹುದು, ಸ್ಕೂಟರ್ ಡಿಎಲ್‌ನಲ್ಲಿ ಬೈಕ್ ಓಡಿಸುವಂತಿಲ್ಲ. ಕಾರಿನ ಡಿಎಲ್ ಒಂದೇ ಇದ್ದರೆ ಎರಡಕ್ಕೂ ನಡೆಯುವುದಿಲ್ಲ. ಮುಂದೆ ಬೈಕ್ ಕೊಳ್ಳುವ ಯೋಚನೆ ಇದ್ದರೆ ಮೊದಲೇ ಗೇರ್ ವರ್ಗಕ್ಕೆ ಹಾಕುವುದು ಲೇಸು. ಆಮೇಲೆ ಸೇರಿಸಬೇಕೆಂದರೆ ಆ ವರ್ಗಕ್ಕೆ ಮತ್ತೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್), ಮತ್ತೆ ಟೆಸ್ಟ್.

ವಯಸ್ಸು 18 ತುಂಬಿರಬೇಕು. 16ಕ್ಕೇ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಈಗ ಮನೆಮನೆಯಲ್ಲಿರುವ 110, 125 ಸಿಸಿ ಸ್ಕೂಟರ್ ಅದರೊಳಗೆ ಬರುವುದಿಲ್ಲ.

ಹೆಚ್ಚು ಜನ ಮೋಸಹೋಗುವುದು ಎಲೆಕ್ಟ್ರಿಕ್ ಗಾಡಿಯ ವಿಷಯದಲ್ಲಿ. 'ಡಿಎಲ್ ಬೇಡ, ನೋಂದಣಿ ಬೇಡ' ಎಂಬ ವಿನಾಯಿತಿ ನಿಜ, ಆದರೆ ಅದರ ಷರತ್ತುಗಳು ಬಿಗಿ: ಮೋಟರ್ 30 ನಿಮಿಷ ಸತತವಾಗಿ ಕೊಡಬಲ್ಲ ಪವರ್ 0.25 ಕಿಲೋವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕೆ.ಜಿ. ಒಳಗೆ. ಇವನ್ನು ಅಧಿಕೃತ ಪರೀಕ್ಷಾ ಸಂಸ್ಥೆ ದೃಢೀಕರಿಸಿರಬೇಕು. ಡೀಲರ್ ಬಾಯಿಮಾತು ನಂಬದೆ ಆ ಪ್ರಮಾಣಪತ್ರದ ಪ್ರತಿ ಕೇಳಿ ಇಟ್ಟುಕೊಳ್ಳಿ. ವೇಗದ ಮಿತಿ ತೆಗೆಸಿ 40ಕ್ಕೆ ಏರಿಸಿದರೆ ವಿನಾಯಿತಿ ಅಲ್ಲಿಗೇ ಮುಗಿಯಿತು. ಆಮೇಲೆ ಅದು ನೋಂದಣಿ, ವಿಮೆ, ಡಿಎಲ್ ಯಾವುದೂ ಇಲ್ಲದ ಮೋಟಾರು ವಾಹನ. ಅಪಘಾತವಾದರೆ ಪರಿಹಾರದ ಹೊರೆ ನೇರವಾಗಿ ಮಾಲೀಕರ ತಲೆಗೆ.

ಹಸಿರು ನಂಬರ್ ಪ್ಲೇಟ್ ಇರುವ ಉಳಿದೆಲ್ಲ ಎಲೆಕ್ಟ್ರಿಕ್ ಸ್ಕೂಟರ್‌ಗೂ ಬೈಕ್‌ಗೂ ಡಿಎಲ್ ಬೇಕೇ ಬೇಕು. ಇವುಗಳಲ್ಲಿ ಬಹುಪಾಲು ಗೇರ್ ಇಲ್ಲದ ವರ್ಗಕ್ಕೆ ಸೇರುತ್ತವೆ. ಎಕೋ, ಸ್ಪೋರ್ಟ್ ಮೋಡ್‌ಗಳು ಗೇರ್ ಅಲ್ಲ. ಮ್ಯಾಟರ್ ಏರಾದಂಥ ಬೈಕಿನಲ್ಲಿ ನಿಜವಾದ ಗೇರ್‌ಬಾಕ್ಸ್ ಇದೆ, ಅದಕ್ಕೆ ಗೇರ್ ವರ್ಗದ ಡಿಎಲ್ಲೇ ಆಗಬೇಕು.

ಅರ್ಜಿ ಹಾಕುವುದು ಪರಿವಾಹನ್ ಸಾರಥಿ ಪೋರ್ಟಲ್‌ನಲ್ಲಿ. ವಯಸ್ಸಿನ ಮತ್ತು ವಿಳಾಸದ ದಾಖಲೆ ಅಪ್‌ಲೋಡ್ ಮಾಡಿ. 40 ದಾಟಿದವರು ನಮೂನೆ 1ಎ ವೈದ್ಯಕೀಯ ಪ್ರಮಾಣಪತ್ರವನ್ನೂ ಕೊಡಬೇಕು. ಕೇಂದ್ರದ ನಿಯಮದಂತೆ ಎಲ್‌ಎಲ್‌ಗೆ ವರ್ಗಕ್ಕೆ 150 ರೂ., ಅದರ ಪರೀಕ್ಷೆಗೆ 50 ರೂ., ಚಾಲನಾ ಪರೀಕ್ಷೆಗೆ ವರ್ಗಕ್ಕೆ 300 ರೂ., ಡಿಎಲ್‌ಗೆ 200 ರೂ.

ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಮೊದಲ 30 ದಿನ ಟೆಸ್ಟ್ ಕೊಡುವಂತಿಲ್ಲ. ಐದನೇ ತಿಂಗಳವರೆಗೆ ಕಾದರೆ ಸ್ಲಾಟ್ ಸಿಗದೆ ಎಲ್‌ಎಲ್ ಮುಗಿದುಹೋಗಬಹುದು. 31ನೇ ದಿನ ದಾಟುತ್ತಿದ್ದಂತೆ ಸ್ಲಾಟ್ ಹಿಡಿಯಿರಿ. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ 18 ಸೆಂ.ಮೀ. ಚೌಕದ ಬಿಳಿ ಫಲಕದಲ್ಲಿ ಕೆಂಪು 'ಎಲ್' ಇರಲಿ. ಹಿಂದೆ ಕೂರಬಹುದಾದವರು ಕಲಿಸುವವರು ಮಾತ್ರ, ಅವರಿಗೂ ಡಿಎಲ್ ಇರಬೇಕು.

ಟೆಸ್ಟ್‌ಗೆ ಅರ್ಜಿಯ ವರ್ಗದ ಗಾಡಿಯನ್ನೇ ತನ್ನಿ. ಗೇರ್ ವರ್ಗಕ್ಕೆ ಹಾಕಿ ಸ್ಕೂಟರ್ ತಂದರೆ ಆ ದಿನ ವ್ಯರ್ಥ. ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ, ಹೆಲ್ಮೆಟ್ ಜೊತೆಗಿರಲಿ. ಎಲೆಕ್ಟ್ರಿಕ್ ಗಾಡಿಗೆ ಹೊಗೆ ಪ್ರಮಾಣಪತ್ರ ಬೇಡ. ಎಂಟರ ಆಕಾರದ ಟ್ರ್ಯಾಕ್‌ನಲ್ಲಿ ಜನ ಫೇಲಾಗುವುದು ಕಾಲು ಊರಿ. ಕಣ್ಣು ಮುಂದಿನ ತಿರುವಿನ ಮೇಲಿರಲಿ, ವೇಗ ಹಿಂದಿನ ಬ್ರೇಕ್‌ನಿಂದ ತಗ್ಗಲಿ. ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಮಡಚಿ ಗಾಡಿ ವಾಲುತ್ತದೆ. ಫೇಲಾದರೆ ಏಳು ದಿನದ ಬಳಿಕ ಮತ್ತೆ ಕೊಡಬಹುದು. ಮೂರು ಸಲವೂ ಆಗದಿದ್ದರೆ 60 ದಿನ ಕಾಯಬೇಕು.

ಕೇಂದ್ರದ ಕಾಯ್ದೆಯಂತೆ ಡಿಎಲ್ ಇಲ್ಲದೆ ಓಡಿಸಿದರೆ 5,000 ರೂ. ದಂಡ, ಗಾಡಿ ಕೊಟ್ಟ ಮಾಲೀಕರಿಗೂ ಅಷ್ಟೇ. 18 ತುಂಬದ ಮಕ್ಕಳು ಹೀಗೆ ಲೈಸೆನ್ಸ್ ಇಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂ. ದಂಡ ಮತ್ತು ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ ಕೂಡ ಸಿಗುವುದಿಲ್ಲ.